ಮೂವತ್ತನಾಲ್ಕು ಬೆಳ್ಳಕ್ಕಿಗಳು

ನೋಂಗ್ ಯಾಂಗ್ ಫುಟ್‌ಬಾಲ್ ಕ್ಲಬ್ಬಿನ ಬೇ ಏರಿಯಾ ಶಾಖೆಯಲ್ಲಿ ಒಟ್ಟು ಮೂವತ್ತನಾಲ್ಕು ಜನ ಸದಸ್ಯರಿದ್ದರು. ಅವರಲ್ಲಿ ಮೂವತ್ತಮೂರು ಜನಕ್ಕೆ ಆ ವಿಷಯ ಗೊತ್ತಿರಲಿಲ್ಲ.

ಗೊತ್ತಿದ್ದವನು ಕಾರ್ಯದರ್ಶಿ ಮಧ್ವೇಶ ಒಬ್ಬನೇ. ಅಮೆರಿಕದ ಫ್ರೀಮಾಂಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ, ಒಂದು ಸೋಫಾ, ಒಂದು ಟೀವಿ, ಒಂದು ಕಾಫಿ ಫಿಲ್ಟರಿನ ಜೊತೆ ಸಂಸಾರ ಮಾಡಿಕೊಂಡಿದ್ದ ಐವತ್ತರ ಆಸುಪಾಸಿನ ಮನುಷ್ಯ. ಹೆಂಡತಿ ಬಿಟ್ಟುಹೋದದ್ದು ಜಗಳವಾಡಿಯಲ್ಲ. ಜಗಳವಾಡುವುದಕ್ಕಾದರೂ ಇವನ ಹತ್ತಿರ ಒಂದು ವಿಷಯವಿಲ್ಲವಲ್ಲ ಎಂದು ಬೇಜಾರಾಗಿ ಪ್ಲೆಸೆಂಟನ್ನಿನಲ್ಲಿ ಬೇರೆ ಮನೆ ಮಾಡಿದ್ದಳು.

ಅವತ್ತು ಶನಿವಾರ, ತಂಡಕ್ಕೆ ಪಂದ್ಯವಿಲ್ಲದ ವಾರ. ಮಧ್ವೇಶ ಡಿಕಾಕ್ಷನ್ ತೊಟ್ಟಿಕ್ಕುವುದನ್ನೇ ನೋಡುತ್ತ ನಿಂತಿದ್ದಾಗ ಫೋನಿಗೆ ಒಂದು ಇಮೇಲು ಬಂತು.

"ಪ್ರಿಯ ಕಾರ್ಯದರ್ಶಿಗಳೇ, ನಾನು ಬೇ ಏರಿಯಾದಲ್ಲೇ ಇದ್ದೇನೆ. ಕ್ಲಬ್ಬಿನ ಮೂವತ್ತು ವರ್ಷದ ಇತಿಹಾಸ ಪುಸ್ತಕವಾಗುತ್ತಿದೆ. ಅದಕ್ಕೆ ನಿಮ್ಮ ಶಾಖೆಯ ಫೋಟೋ ಬೇಕು. ನಿಮ್ಮ ವರದಿಗಳಲ್ಲಿ ಬರುವ ಎಲಿಜಬೆತ್ ಕೆರೆಯ ಹತ್ತಿರ ಇವತ್ತು ನಾಲ್ಕು ಗಂಟೆಗೆ ಎಲ್ಲರನ್ನೂ ನೋಡಬಹುದೇ? ರಾತ್ರಿ ನನ್ನ ವಿಮಾನ. ನಿಮ್ಮ ವಿಚಾಯ್."

ಮಧ್ವೇಶ ಡಿಕಾಕ್ಷನ್ನಿಗೆ ಹಾಲು ಹಾಕುವ ಬದಲು ಸಿಂಕಿಗೆ ಹಾಲು ಹಾಕಿದ.

ವಿಚಾಯ್ ಎಂದರೆ ಕ್ಲಬ್ಬಿನ ಇಂಗ್ಲಿಷ್ ಪೇಜು ನೋಡಿಕೊಳ್ಳುವಾತ. ಆರು ವರ್ಷದಿಂದ ವಾರಕ್ಕೊಂದು ಪತ್ರ. ಮಧ್ವೇಶನಿಗೆ ಜ್ವರ ಬಂದರೆ ಏನು ಕಷಾಯ ಕುಡಿಯಬೇಕೆಂದು ಬರೆಯುತ್ತಿದ್ದ, ತಂಡ ಸೋತರೆ ಸಮಾಧಾನ ಹೇಳುತ್ತಿದ್ದ. ತಂಡ ಸೋಲದ ವಾರ ಕಮ್ಮಿಯಾದ್ದರಿಂದ ಸಮಾಧಾನ ತಪ್ಪದೆ ಸಿಗುತ್ತಿತ್ತು. ಈ ಭೂಮಿಯ ಮೇಲೆ ಮಧ್ವೇಶನಿಗಿದ್ದ ಸ್ನೇಹಿತ ಅವನೊಬ್ಬನೇ, ಮತ್ತು ಆ ಸ್ನೇಹ ಪೂರ್ತಿ ನಿಂತಿದ್ದದ್ದು ಇಲ್ಲದ ಮೂವತ್ತಮೂರು ಜನರ ಹೆಗಲ ಮೇಲೆ.

ಇದೆಲ್ಲ ಶುರುವಾದದ್ದು ಹಾರ್ಡ್ ಡಿಸ್ಕಿನಿಂದ. ಹಿಂದೊಮ್ಮೆ ಕಂಪನಿಯವರು ಮಧ್ವೇಶನನ್ನು ಥಾಯ್ಲೆಂಡಿನ ನೋಂಗ್ ಯಾಂಗ್ ಎಂಬ ಊರಿನ ಹಾರ್ಡ್ ಡಿಸ್ಕ್ ಫ್ಯಾಕ್ಟರಿಗೆ ಕಳಿಸಿದ್ದರು. ಹೋಟೆಲಿನ ಎದುರಿಗೇ ಸ್ಟೇಡಿಯಮ್ಮು. ಸ್ಟೇಡಿಯಮ್ಮೆಂದರೆ ಹಿಂದೆ ಅಕ್ಕಿ ಗಿರಣಿಯವರು ಭತ್ತ ಒಣಗಿಸುತ್ತಿದ್ದ ಕಣ. ಗಿರಣಿಯ ಹಮಾಲರೇ ಕಟ್ಟಿದ ತಂಡವಂತೆ. ಮೊದಲ ವರ್ಷಗಳಲ್ಲಿ ಭತ್ತ ಹರಡಿದ್ದ ದಿನ ಪಂದ್ಯವನ್ನೇ ಮುಂದೂಡುತ್ತಿದ್ದರಂತೆ. ಕಾಳು ತಿನ್ನಲು ಬರುತ್ತಿದ್ದ ಬೆಳ್ಳಕ್ಕಿಗಳು ಗೋಲಿನ ಕಂಬದ ಮೇಲೆ ಕೂರುತ್ತಿದ್ದರಿಂದ ತಂಡಕ್ಕೂ ಬೆಳ್ಳಕ್ಕಿಗಳೆಂದೇ ಹೆಸರು, ಅಂಗಿಯೂ ಬಿಳಿ. ಒಂದು ಶನಿವಾರ ಸಂಜೆ ಮಾಡಲು ಕೆಲಸವಿಲ್ಲದೆ ಮಧ್ವೇಶ ಒಳಗೆ ಹೋದ. ಯಾರೋ ಪ್ಲಾಸ್ಟಿಕ್ ಸ್ಟೂಲು ಕೊಟ್ಟರು. ಯಾರೋ ಬಾಳೆಲೆಯಲ್ಲಿ ಕಟ್ಟಿದ ಅನ್ನ ಕೊಟ್ಟರು. ನಿನ್ನ ವೀಸಾ ಯಾವುದು, ಮನೆ ತಗೊಂಡೆಯಾ, ಮಕ್ಕಳು ಯಾವ ಸ್ಕೂಲು ಎಂದು ಒಬ್ಬರೂ ಕೇಳಲಿಲ್ಲ. ತಂಡ ನಾಲ್ಕು ಗೋಲಿನಲ್ಲಿ ಸೋತಿತು. ಪಕ್ಕದ ಮುದುಕ ಇವನ ಬೆನ್ನು ತಟ್ಟಿ, ಮುಂದಿನ ವಾರವೂ ಬಾ ಎಂಬಂತೆ ಅದೇ ಸ್ಟೂಲು ತೋರಿಸಿದ. ಮಧ್ವೇಶ ಹೋಟೆಲಿಗೆ ಬಂದು ಬಾತ್‌ರೂಮಿನಲ್ಲಿ ಸ್ವಲ್ಪ ಅತ್ತ.

ಫ್ರೀಮಾಂಟಿಗೆ ವಾಪಸು ಬಂದ ಮೇಲೂ ಶನಿವಾರ ಬೆಳಗಿನ ಐದು ಗಂಟೆಗೆ ಎದ್ದು ಟೀವಿಯಲ್ಲಿ ಪಂದ್ಯ ನೋಡುವುದು ಅಭ್ಯಾಸವಾಯಿತು. ಒಂದು ದಿನ ಧೈರ್ಯ ಮಾಡಿ ಕ್ಲಬ್ಬಿನ ಪೇಜಿಗೆ ಬರೆದ. ಒಬ್ಬನೇ ಕೂತು ನೋಡುತ್ತೇನೆ ಎನ್ನಲು ನಾಚಿಕೆಯಾಗಿ, ಬೇ ಏರಿಯಾ ಶಾಖೆಯ ಪರವಾಗಿ ಎಂದು ಸಹಿ ಹಾಕಿದ. ಒಡನೆಯೇ ಉತ್ತರ ಬಂತು: ನಮಗೆ ಅಮೆರಿಕದಲ್ಲಿ ಶಾಖೆಯಿದೆಯೇ, ಅಧ್ಯಕ್ಷರು ಯಾರು?

ಕನ್ನಡದವರ ಸಂಘಕ್ಕೆ ಅಧ್ಯಕ್ಷರಿಲ್ಲ ಎಂದರೆ ಯಾರು ನಂಬುತ್ತಾರೆ? ಮಧ್ವೇಶ ಕೆಳಮನೆಯ ದ್ವಾರಕಾನಾಥರ ಹೆಸರು ಬರೆದ. ಆಮೇಲೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ನೋಡಿಕೊಂಡು ಮಿಕ್ಕವರನ್ನೂ ಸೇರಿಸಿದ. ಸುಳ್ಳೆನ್ನುವುದು ಸಾಕಿದ ಬೆಕ್ಕಿನ ಹಾಗೆ, ವಾರಕ್ಕೊಮ್ಮೆ ಹಾಲು ಹಾಕಲೇಬೇಕು. ವರದಿಗಳಲ್ಲಿ ಪಿಕ್ನಿಕ್ಕುಗಳಾದವು, ರಕ್ತದಾನ ಶಿಬಿರವಾಯಿತು, ಚುನಾವಣೆಯಾಗಿ ಎದುರುಮನೆಯ ಹರಿಪ್ರಿಯಾ ಸೋತಳು. ಒಂದು ವಾರ ಫ್ಲೂ ಬಂದು ವರದಿ ತಪ್ಪಿದಾಗ, ಕಾರಣ ಬೇಕಲ್ಲ ಎಂದು ಮೂಲೆಮನೆಯ ಹಿರಿಯರಾದ ದೇವೇಂದ್ರಪ್ಪನವರನ್ನು ಸಾಯಿಸಿದ.

ಈಗ ಇವರನ್ನೆಲ್ಲ ನಾಲ್ಕು ಗಂಟೆಗೆ ಕೆರೆಯ ಹತ್ತಿರ ನಿಲ್ಲಿಸಬೇಕು.

ದ್ವಾರಕಾನಾಥರು ನಿವೃತ್ತ ಎಂಜಿನಿಯರು. ಬಾಗಿಲು ತೆಗೆದಾಗ ಅವರ ಕೈಯಲ್ಲಿ ತರಕಾರಿ ಹೆಚ್ಚುವ ಚಾಕುವಿತ್ತು. ಮಧ್ವೇಶ ಅದನ್ನೇ ನೋಡುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ದ್ವಾರಕಾನಾಥರು ಚಾಕುವಿನ ಮೊನೆಯಿಂದ ಗಾಳಿಯಲ್ಲಿ ಏನೋ ಲೆಕ್ಕ ಹಾಕಿದರು. "ಅಂದ್ರೆ ನಾನು ಆರು ವರ್ಷದಿಂದ ಪ್ರೆಸಿಡೆಂಟು."

"ಹೌದು ಸಾರ್. ತಪ್ಪಾಯ್ತು."

"ನನಗೆ ಒಂದು ಮಾತು ಹೇಳಲಿಲ್ಲ ನೀನು."

"ತಪ್ಪಾಯ್ತು ಸಾರ್."

"ಇರಲಿ. ನನ್ನ ಟೈಮಲ್ಲಿ ಏನೇನು ಕೆಲ್ಸ ಆಗಿದೆ?"

"ವರ್ಷಕ್ಕೆರಡು ಪಿಕ್ನಿಕ್ಕು ಸಾರ್. ಒಂದು ಬ್ಲಡ್ ಡೊನೇಶನ್ ಕ್ಯಾಂಪು."

"ಪರವಾಗಿಲ್ಲ, ಚೆನ್ನಾಗೇ ಮಾಡಿದೀನಿ," ಎಂದು ದ್ವಾರಕಾನಾಥರು ಚಾಕು ಕೆಳಗಿಟ್ಟರು. "ಸತ್ಯಾ, ಬಾ ಇಲ್ಲಿ. ನಾನು ಪ್ರೆಸಿಡೆಂಟಂತೆ."

ಸತ್ಯವತಿ ಕೈ ಒರೆಸಿಕೊಳ್ಳುತ್ತ ಬಂದು ವಿಷಯ ಕೇಳಿದರು. ಆಕೆಗೆ ಫುಟ್‌ಬಾಲೂ ಬೇಡ, ಥಾಯ್ಲೆಂಡೂ ಬೇಡ. "ಎಷ್ಟು ಜನಕ್ಕೆ ಅಡುಗೆ?"

"ಅಡುಗೆ ಬೇಡ ಮೇಡಂ. ಫೋಟೋಗೆ ನಿಂತ್ಕೊಂಡ್ರೆ ಸಾಕು."

"ಬಂದೋರ್ನ ಬರಿ ಹೊಟ್ಟೇಲಿ ಕಳಿಸ್ತೀಯಾ? ನಾನು ಬಿಸಿಬೇಳೆ ಬಾತ್ ಮಾಡ್ತೀನಿ. ಮಿಕ್ಕೋರಿಗೆ ಪಾಟ್‌ಲಕ್ ಅಂತ ಹಾಕಿ. ಮೊಸರನ್ನ ಇಬ್ಬರು ತರಬಾರದು, ಹೋದ್ಸಲ ಐದು ಜನ ತಂದಿದ್ರು."

ಮಧ್ವೇಶ ಮೆಟ್ಟಿಲು ಹತ್ತುವಷ್ಟರಲ್ಲಿ ಬೆಳ್ಳಕ್ಕಿ ಬಳಗ ಎಂಬ ವಾಟ್ಸಾಪ್ ಗ್ರೂಪು ಹುಟ್ಟಿ, ಮೊಸರನ್ನಕ್ಕೆ ನಾಲ್ಕು ಜನ ಹೆಸರು ಕೊಟ್ಟಾಗಿತ್ತು.

ಗ್ರೂಪು ನೋಡಿದ್ದ ಹರಿಪ್ರಿಯಾ ಬಾಗಿಲು ತೆಗೆಯುವ ಮೊದಲೇ ಮಾತು ಶುರು ಮಾಡಿದಳು. ಆಕೆ ಒಂದು ಆಸ್ಪತ್ರೆಯಲ್ಲಿ ಡಾಕ್ಟರು, ಯಾವುದೇ ಕಾಯಿಲೆಯಾದರೂ ರೋಗಿ ಹೇಳುವ ಮೊದಲೇ ಹೇಳಿ ಅಭ್ಯಾಸ. "ದ್ವಾರಕಾನಾಥ್ ಪ್ರೆಸಿಡೆಂಟಾ? ಎಲೆಕ್ಷನ್ ಆಯ್ತಾ?"

"ಆಯ್ತು."

"ನಾನು ನಿಂತಿದ್ನಾ?"

"ನಿಂತಿದ್ರಿ."

"ಎಷ್ಟು ವೋಟಲ್ಲಿ ಗೆದ್ದೆ?"

ಮಧ್ವೇಶ ಕಾರ್ಪೆಟ್ಟು ನೋಡಿದ. ಇಷ್ಟು ಕೆಟ್ಟ ಸುದ್ದಿಯನ್ನು ಹರಿಪ್ರಿಯಾ ತನ್ನ ರೋಗಿಗಳಿಗೂ ಹೇಳಿರಲಿಲ್ಲ. ಒಂದು ನಿಮಿಷ ಸುಧಾರಿಸಿಕೊಂಡು, "ಅದು ಫೇರ್ ಎಲೆಕ್ಷನ್ ಅಲ್ಲ. ಇವತ್ತು ಪಾರ್ಕಲ್ಲೇ ಮತ್ತೆ ಆಗ್ಬೇಕು. ಇಲ್ದಿದ್ರೆ ನಮ್ಮ ಕಡೆಯೋರು ಯಾರೂ ಬರಲ್ಲ," ಎಂದಳು. ಆಕೆಯ ಕಡೆಯವರು ಎಂಬವರು ಇದ್ದಾರೆಂಬುದೇ ಮಧ್ವೇಶನಿಗೆ ಗೊತ್ತಿರಲಿಲ್ಲ. ಅರ್ಧ ಗಂಟೆಯ ಹಿಂದೆ ಕ್ಲಬ್ಬೇ ಇರಲಿಲ್ಲ, ಈಗ ಎರಡು ಪಂಗಡವಾಗಿತ್ತು.

ಮೂಲೆಮನೆಯ ಬಾಗಿಲನ್ನು ಮಾತ್ರ ಅವನು ಎರಡು ಸಲ ದಾಟಿಹೋಗಿ ಆಮೇಲೆ ತಟ್ಟಿದ. ಹಾವೇರಿ ಕಡೆಯ ದೇವೇಂದ್ರಪ್ಪನವರು ಮಗಳ ಮನೆಯಲ್ಲಿದ್ದರು. ಮಗಳು ಅಳಿಯ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಹೆಂಡತಿ ದಾನವ್ವನ ಜೊತೆ ಕಿಟಕಿಯಲ್ಲಿ ಕೂತು, ಪಾರ್ಕಿಂಗಿಗೆ ಬರುವ ಹೋಗುವ ಕಾರು ನೋಡುವುದು ಅವರ ಕಸುಬು.

"ಅಜ್ಜಾರೆ, ಒಂದು ವಿಷಯ. ನಿಮ್ಮನ್ನ ನಾನು... ಹೋದ ವರ್ಷ ನೀವು ಹೋಗಿಬಿಟ್ರಿ ಅಂತ ಬರೆದಿದ್ದೆ."

"ಎಲ್ಲಿಗೆ?"

"ಮೇಲಕ್ಕೆ."

ದಾನವ್ವ ತಲೆ ಎತ್ತಿ ಗಂಡನನ್ನು ಒಮ್ಮೆ ನೋಡಿ ಮತ್ತೆ ಅವರೆಕಾಯಿ ಸುಲಿಯತೊಡಗಿದಳು.

"ಅಲ್ಲೋ ತಮ್ಮಾ, ನಾ ಸತ್ತದ್ದು ನನಗ ಗೊತ್ತಿಲ್ಲ," ಎಂದರು ದೇವೇಂದ್ರಪ್ಪ. ಸಿಟ್ಟಿರಲಿಲ್ಲ. "ಮುಂದ? ಏನಾತು?"

"ಅಲ್ಲಿ ಸ್ಟೇಡಿಯಮ್ಮಲ್ಲಿ, ಮ್ಯಾಚಿಗೆ ಮುಂಚೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಮಾಡಿದ್ರು. ಟೀವಿಯಲ್ಲಿ ನೋಡಿದೆ."

"ನನ್ನ ಸಲುವಾಗಿ?"

"ಹೂಂ."

"ಎಷ್ಟ ಮಂದಿ ಇದ್ರು?"

"ನಾನೂರು ಜನ ಇರಬಹುದು."

ದೇವೇಂದ್ರಪ್ಪನವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಒಂದು ಕಾರು ಬಂದು ನಿಂತಿತು. ಅವರು ಅದನ್ನು ನೋಡಲಿಲ್ಲ. "ನಾನೂರ ಮಂದಿ ಎದ್ದ ನಿಂತ್ರು. ಕೇಳಿದೇನ? ಇಲ್ಲೆ ನಾ ಹ್ವಾದ್ರ ನಾಕ ಮಂದಿ ಬರಬೇಕಾದ್ರೂ ವೀಕೆಂಡ್ ಆಗಬೇಕು."

"ಅಜ್ಜಾರೆ, ಇವತ್ತೊಂದಿನ ಬೇರೆ ಹೆಸರು ಹೇಳ್ತೀರಾ? ವಿರುಪಾಕ್ಷಪ್ಪ ಅಂತ."

"ಯಾಕ ಹೇಳ್ಲಿ? ನಾ ದೇವೇಂದ್ರಪ್ಪ. ಅಷ್ಟ ಮಾಡ್ಯಾರ ಅಂದಮ್ಯಾಲೆ ಆ ಮನಿಶ್ಯಾಗ ಮಾರಿ ತೋರಿಸಿ ಕೈ ಮುಗಿಬೇಕು."

ಬಾಗಿಲವರೆಗೆ ಬಂದ ದಾನವ್ವ ಮೆಲ್ಲಗೆ ಕೇಳಿದಳು. "ಖರೇ ಹೇಳಪಾ. ನಸುಕಿನ್ಯಾಗ ನಿಮ್ಮನ್ಯಾಗ ದೀಪ ಕಾಣತೈತಿ. ನಿನ್ನ ಕೂಡ ಯಾರ ಕುಂದರ್ತಾರ ಆಟಾ ನೋಡಾಕ?"

"ಯಾರೂ ಇಲ್ಲಜ್ಜಿ."

"ಹಂಗ ಅನಕೊಂಡಿದ್ದೆ," ಎಂದು ದಾನವ್ವ ಒಂದು ಹಿಡಿ ಅವರೆಕಾಳು ಅವನ ಜೇಬಿಗೆ ಹಾಕಿದಳು.

ಮೂರೂವರೆಗೆಲ್ಲ ಕೆರೆಯ ಪಕ್ಕದ ಪಿಕ್ನಿಕ್ ಟೇಬಲ್ಲುಗಳ ಮೇಲೆ ಅಲ್ಯೂಮಿನಿಯಂ ಟ್ರೇಗಳು ಸಾಲಾಗಿ ಕೂತಿದ್ದವು. ಮೊಸರನ್ನ ಆರಾಗಿತ್ತು. ಬಂದವರು ಇಪ್ಪತ್ತೋ ಇಪ್ಪತ್ತೈದೋ. ಬಿಳಿ ಬಟ್ಟೆ ಹಾಕಿ ಬನ್ನಿ ಎಂದಿದ್ದಕ್ಕೆ ದ್ವಾರಕಾನಾಥರು ರೇಷ್ಮೆ ಜುಬ್ಬದಲ್ಲಿ ಮದುವೆ ಗಂಡಿನ ತಂದೆಯ ಹಾಗೆ ಬಂದಿದ್ದರು.

ಕ್ಲಬ್ಬಿನ ಬಿಳಿ ಜೆರ್ಸಿ ಹಾಕಿದ್ದ ಮಧ್ವೇಶ ಬೆಂಚು ಹತ್ತಿ ನಿಂತು ಕ್ಲಬ್ಬಿನ ಇತಿಹಾಸ ಹೇಳಿಕೊಟ್ಟ. ಗಿರಣಿ, ಭತ್ತ, ಬೆಳ್ಳಕ್ಕಿ. ಆ ದೇಶದಲ್ಲಿ ಕ್ಲಬ್ಬನ್ನು ಯಾರಾದರೂ ಕೊಂಡರೆ ತಮ್ಮ ಜಿಲ್ಲೆಗೆ ಎತ್ತಿಕೊಂಡು ಹೋಗಿ ಹೆಸರೇ ಬದಲಾಯಿಸಬಹುದೆಂದೂ, ಹಾಗೊಮ್ಮೆ ಗೊಬ್ಬರದ ವ್ಯಾಪಾರಿಯೊಬ್ಬ ತಂಡವನ್ನು ಪಕ್ಕದ ಜಿಲ್ಲೆಗೆ ಸಾಗಿಸಿದನೆಂದೂ ಹೇಳಿದ. ಬೆಳ್ಳಕ್ಕಿಗಳು ಮಾತ್ರ ಹಳೇ ಕಂಬದ ಮೇಲೇ ಬಂದು ಕೂರುತ್ತಿದ್ದವಂತೆ. ಎರಡು ವರ್ಷ ಊರಿನವರು ತಂಡವಿಲ್ಲದ ಮೈದಾನಕ್ಕೇ ಪ್ರತಿ ವಾರ ಬಂದು, ಸ್ಟೂಲು ಹಾಕಿಕೊಂಡು, ಹಕ್ಕಿಗಳನ್ನು ನೋಡಿ ಮನೆಗೆ ಹೋಗುತ್ತಿದ್ದರಂತೆ. ಕೊನೆಗೆ ವ್ಯಾಪಾರಿಗೇ ನಾಚಿಕೆಯಾಗಿ ತಂಡವನ್ನು ವಾಪಸು ಕಳಿಸಿದ.

ಇದನ್ನು ಹೇಳುತ್ತ ಮಧ್ವೇಶ ಬೆಂಚಿನಿಂದ ಇಳಿಯುವುದನ್ನೇ ಮರೆತ. ಅವನು ಹೀಗೆ ಒಂದೇ ಸಮ ಇಷ್ಟು ಮಾತಾಡಿ ವರ್ಷಗಳೇ ಆಗಿದ್ದವು.

"ಏನಾದ್ರೂ ಗೆದ್ದಿದಾರಾ?" ಎಂದು ಯಾರೋ ಕೇಳಿದರು.

"ಒಂದು ಕಪ್ಪು. ಫೈನಲ್ಲಿಗೆ ಎದುರು ಟೀಮಿನ ಬಸ್ಸು ಬರಲಿಲ್ಲ."

ಪ್ರಶ್ನೆಗಳು ಮುಗಿದವು, ಚುನಾವಣೆ ಶುರುವಾಯಿತು. ಕೈ ಎತ್ತಿಸಿ ಎಣಿಸಿದಾಗ ಹರಿಪ್ರಿಯಾ ಗೆದ್ದಳು. ದ್ವಾರಕಾನಾಥರ ಮುಖ ಆರಿದ ಬಿಸಿಬೇಳೆ ಬಾತಿನಂತಾಗಲು, ಅವರನ್ನು ಸ್ಥಾಪಕ ಅಧ್ಯಕ್ಷರೆಂದು ಕರೆಯುವುದಾಗಿ ರಾಜಿಯಾಯಿತು. ಕಾರ್ಯದರ್ಶಿ ಸ್ಥಾನ ಹರಿಪ್ರಿಯಾಳ ಗಂಡನಿಗೆ ಹೋಯಿತು. "ಮಧ್ವೇಶ್, ನೀವು ಬೇಜಾರು ಮಾಡ್ಕೋಬೇಡಿ, ಪಾರ್ಕಿಂಗ್ ಅಂಡ್ ಚೇರ್ಸ್ ನಿಮ್ಮದು. ಇಂಪಾರ್ಟೆಂಟ್ ಪೋಸ್ಟು," ಎಂದಳು ಹೊಸ ಅಧ್ಯಕ್ಷೆ.

ನಾಲ್ಕಕ್ಕೆ ಸರಿಯಾಗಿ, ಕೆರೆಯ ಏರಿಯ ಮೇಲಿಂದ ಒಬ್ಬ ಸಣ್ಣ ಆಳು ನಡೆದು ಬಂದ. ಹಳೆಯ ಬಿಳಿ ಜೆರ್ಸಿ, ಇಸ್ತ್ರಿ ಗೆರೆ ಎದ್ದು ಕಾಣುತ್ತಿತ್ತು. ಇಷ್ಟು ಜನರನ್ನು ಕಂಡು ದೂರದಲ್ಲೇ ನಿಂತುಬಿಟ್ಟ. ಆಮೇಲೆ ಎರಡೂ ಕೈ ಜೋಡಿಸಿ ತಲೆ ಬಾಗಿಸಿದ.

"ನೋಡಿ, ನಮಗೋಸ್ಕರ ನಮಸ್ಕಾರ ಕಲ್ತುಕೊಂಡು ಬಂದಿದಾರೆ," ಎಂದರು ಸತ್ಯವತಿ.

ದ್ವಾರಕಾನಾಥರು ಸ್ವಾಗತ ಭಾಷಣ ಮಾಡಿ, ಗಿರಣಿಯನ್ನು ಸಕ್ಕರೆ ಕಾರ್ಖಾನೆ ಮಾಡಿದರು. ಹರಿಪ್ರಿಯಾ ಶಾಲು ಹೊದಿಸಿದಳು. ಅಷ್ಟರಲ್ಲಿ ದೇವೇಂದ್ರಪ್ಪನವರು ಕೋಲೂರಿಕೊಂಡು ಮುಂದೆ ಬಂದು ವಿಚಾಯ್‌ನ ಎರಡೂ ಕೈ ಹಿಡಿದರು.

"ಐ ದೇವೇಂದ್ರಪ್ಪ."

ವಿಚಾಯ್‌ನ ಮುಖ ಬಿಳಿಚಿಕೊಂಡಿತು. ಮಧ್ವೇಶ ಕಣ್ಣು ಮುಚ್ಚಿಕೊಂಡ. ಆರು ವರ್ಷದ ಸ್ನೇಹ ಈಗ ಮುರಿಯಿತು ಎಂದುಕೊಂಡ.

"ಅವತ್ತ ಸತ್ತಿದ್ದೆ. ಈಗ ಪರವಾಗಿಲ್ಲ. ಅಂವಗ ಇಂಗ್ಲೀಷ್ನ್ಯಾಗ ಹೇಳ್ರಿ," ಎಂದರು ದೇವೇಂದ್ರಪ್ಪ.

"ಡಾಕ್ಟರ್‌ಗಳ ತಪ್ಪು," ಎಂದು ಹರಿಪ್ರಿಯಾ ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದಳು. "ನಾನೂ ಡಾಕ್ಟರೇ. ಆಗುತ್ತೆ."

ವಿಚಾಯ್ ದೇವೇಂದ್ರಪ್ಪನವರ ಕೈ ಬಿಡಲೇ ಇಲ್ಲ. ಅವನ ಕಣ್ಣಲ್ಲಿ ನೀರಿತ್ತು. ನಂಬಿದನೋ ಇಲ್ಲವೋ, ಮುದುಕ ಬದುಕಿರುವುದು ಅವನಿಗೆ ಸಾಕಾಗಿತ್ತು.

ಫೋಟೋ ತೆಗೆಯಲು ಯಾರಾದರೂ ಬೇಕಲ್ಲ, ಪಾರ್ಕಿಂಗ್ ಅಂಡ್ ಚೇರ್ಸ್‌ನವನೇ ತೆಗೆದ. ಪುಸ್ತಕಕ್ಕೆ ಹೋಗುವ ಫೋಟೋದಲ್ಲಿ ಮಧ್ವೇಶ ಇರಲಿಲ್ಲ.

ಊಟವಾದದ್ದೇ ತಡ, ಒಬ್ಬರ ಮಗಳಿಗೆ ಭರತನಾಟ್ಯದ ಕ್ಲಾಸು, ಇನ್ನೊಬ್ಬರಿಗೆ ಎವರ್‌ಗ್ರೀನಿನಲ್ಲಿ ಗೃಹಪ್ರವೇಶ ಎಂದು ಎಲ್ಲರೂ ಟ್ರೇ ಮುಚ್ಚಿಕೊಂಡು ಹೊರಟರು. ಬೆಂಚಿನ ಮೇಲೆ ಇಬ್ಬರೇ ಉಳಿದರು. ಕೆರೆಯಲ್ಲಿ ಬಾತುಕೋಳಿಗಳು ಯಾರದೋ ಮೊಸರನ್ನವನ್ನು ಅನುಮಾನದಿಂದ ನೋಡುತ್ತಿದ್ದವು.

"ನೀವು ಮೊದಲೇ ಹೇಳಿದ್ರೆ ಏರ್‌ಪೋರ್ಟಿಗೆ ಬರ್ತಿದ್ದೆ," ಎಂದು ಮಧ್ವೇಶ ಇಂಗ್ಲಿಷಿನಲ್ಲಿ ಹೇಳಿದ. "ಯಾವತ್ತು ಬಂದ್ರಿ?"

ವಿಚಾಯ್ ಸ್ವಲ್ಪ ಹೊತ್ತು ಶಾಲಿನ ಅಂಚು ಮಡಿಸಿದ. "ಆರು ವರ್ಷ ಆಯ್ತು."

"ಏನು?"

"ಅಕ್ಕ ಇಲ್ಲಿದ್ದಳು, ಅವಳ ಹಿಂದೆ ಬಂದೆ. ಆಮೇಲೆ ಅವಳು ಟೆಕ್ಸಸ್‌ಗೆ ಹೋದಳು, ನಾನು ಉಳಿದೆ. ಹಾಸಿಗೆ ಅಂಗಡೀಲಿ ಕೆಲಸ. ಕ್ಲಬ್ಬಿನ ಪೇಜು ಇಲ್ಲಿಂದಲೇ ನೋಡ್ಕೋತಿದ್ದೆ." ಅಂಗಡಿ ಎಲ್ಲಿದೆಯೆಂದೂ ಹೇಳಿದ. ಮಧ್ವೇಶನಿಗೆ ಗುರುತಾಯಿತು. ಅವನು ವಾರವಾರ ಕರಿಬೇವು ತರುವ ಇಂಡಿಯನ್ ಗ್ರೋಸರಿಯ ಪಕ್ಕದ ಬಾಗಿಲು. ಅವನು ಕಾರು ನಿಲ್ಲಿಸುತ್ತಿದ್ದದ್ದೇ ಆ ಅಂಗಡಿಯ ಗಾಜಿನ ಮುಂದೆ.

"ಮತ್ತೆ ಯಾಕೆ ಬರಲಿಲ್ಲ? ಆರು ವರ್ಷ. ಒಂದು ಸಲ ಹೇಳಬಹುದಿತ್ತಲ್ಲ."

"ಮೂವತ್ತನಾಲ್ಕು ಜನ ನೀವು," ಎಂದ ವಿಚಾಯ್. "ಪ್ರೆಸಿಡೆಂಟು, ಖಜಾಂಚಿ, ಎಲೆಕ್ಷನ್, ರಕ್ತದಾನ. ನಾನು ಒಬ್ಬನೇ. ಒಬ್ಬನೇ ಇದ್ದೀನಿ ಅಂತ ಬರೆಯೋಕೆ ನಾಚಿಕೆ ಆಯ್ತು. ಅದಕ್ಕೆ ಥಾಯ್ಲೆಂಡಿನಿಂದ ಬರೆಯೋ ಹಾಗೆ ಬರೆದೆ. ಶನಿವಾರ ಬೆಳಿಗ್ಗೆ ಐದಕ್ಕೆ ಎದ್ದು ಒಬ್ಬನೇ ಮ್ಯಾಚ್ ನೋಡ್ತಿದ್ದೆ. ಅಲ್ಲಿ ಅವರೆಲ್ಲ ಒಟ್ಟಿಗೆ ಕೂತು ನೋಡ್ತಿರ್ತಾರೆ ಅಂದುಕೊಂಡರೆ ಸ್ವಲ್ಪ ಧೈರ್ಯ."

ಮಧ್ವೇಶ ಬಾಯಿ ತೆರೆದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು.

"ಇವತ್ತು ಊರಿಗೆ ಹೊರಟಿದ್ದೀನಿ. ಪುಸ್ತಕದ ಕೆಲಸ, ಕ್ಲಬ್ಬಿನಲ್ಲೇ ಕರೆದಿದ್ದಾರೆ. ಇನ್ನು ಬರಲ್ಲ," ಎಂದ ವಿಚಾಯ್. "ಇಲ್ಲಿ ಆರು ವರ್ಷ ಸುಮ್ಮನೆ ಹೋಯ್ತು ಅನ್ನಿಸಿತ್ತು. ಈಗ ನಿಮ್ಮನ್ನೆಲ್ಲ ನೋಡಿದೆ. ಹಾಗೆ ಅನ್ನಿಸ್ತಿಲ್ಲ."

ಬಾಯಿ ತೆರೆದಿದ್ದ ಮಧ್ವೇಶ ಅದನ್ನು ಬೇರೆ ಮಾತಿಗೆ ಬಳಸಬೇಕಾಯಿತು. "ಮುಂದಿನ ಶನಿವಾರದ ಮ್ಯಾಚಿಗೆ ಮೂವತ್ತನಾಲ್ಕೂ ಜನ ಇರ್ತೀವಿ," ಎಂದ. "ವರದಿ ಕಳಿಸ್ತೀನಿ."

ಟ್ಯಾಕ್ಸಿ ಬಂತು. ವಿಚಾಯ್ ಕೈ ಮುಗಿದ. ಮಧ್ವೇಶ ಶೇಕ್‌ಹ್ಯಾಂಡಿಗೆ ಕೈ ಚಾಚಿದವನು ಹಿಂದೆಗೆದು ತಾನೂ ಕೈ ಮುಗಿದ. ಅಷ್ಟರಲ್ಲಿ ವಿಚಾಯ್ ಶೇಕ್‌ಹ್ಯಾಂಡಿಗೆ ಚಾಚಿದ್ದ.

ಮನೆಗೆ ಹೋಗಲು ಮನಸ್ಸಾಗದೆ ಮಧ್ವೇಶ ಗ್ರೋಸರಿಗೆ ಹೋದ. ಮನೆಯಲ್ಲಿ ಕರಿಬೇವಿತ್ತು, ಆದರೂ ಒಂದು ಕಟ್ಟು ತಗೊಂಡ. ಕಾರಿನಲ್ಲಿ ಕೂತು ಗ್ರೂಪಿಗೆ ಬರೆದ: "ಮುಂದಿನ ಶನಿವಾರ ಬೆಳಿಗ್ಗೆ ಐದಕ್ಕೆ ನಮ್ಮ ಮನೆಯಲ್ಲಿ ಮ್ಯಾಚು. ಯಾರಾದರೂ ಬರುತ್ತೀರಾ? ಕಾಫಿ ನನ್ನದು." ನಮಸ್ಕಾರದ ಚಿತ್ರಗಳು ಸಾಲುಸಾಲಾಗಿ ಬಂದವು. ಆಮೇಲೆ ಅಧ್ಯಕ್ಷೆಯ ಸಂದೇಶ ಬಂತು: "ಈ ಗ್ರೂಪಿನಲ್ಲಿ ದಯವಿಟ್ಟು ಸಂಘಕ್ಕೆ ಸಂಬಂಧಪಟ್ಟ ವಿಷಯ ಮಾತ್ರ ಹಾಕಿ."

ಅವನು ಇಳಿದು ಪಕ್ಕದ ಹಾಸಿಗೆ ಅಂಗಡಿಗೆ ಹೋದ. ಒಳಗೆ ಬಿಳಿ ಹಾಸಿಗೆಗಳು, ಗಿರಾಕಿಗಳಿಲ್ಲ. ಗಾಜಿನ ಪಕ್ಕದ ಮೇಜಿನ ಹಿಂದೆ ಖಾಲಿ ಕುರ್ಚಿ. ಅಲ್ಲಿ ಕೂತರೆ ಪಾರ್ಕಿಂಗು ನೇರವಾಗಿ ಕಾಣುತ್ತಿತ್ತು. ಗಡ್ಡ ನರೆತ ದಪ್ಪನೆಯ ಸೇಲ್ಸ್‌ಮ್ಯಾನ್ ಒಬ್ಬ ಎದ್ದು ಬಂದ.

"ವಿಚಾಯ್ ಅಂತ ಒಬ್ಬರು..."

"ನಿನ್ನೆಯೇ ಬಿಟ್ಟರು," ಎಂದ ಆತ ಇಂಗ್ಲಿಷಿನಲ್ಲಿ. ಮಧ್ವೇಶನ ಬಿಳಿ ಜೆರ್ಸಿ ನೋಡಿ ಆತನ ಹುಬ್ಬು ಮೇಲಾಯಿತು. "ಓ, ನೀವು ಅವರ ಕ್ಲಬ್ಬಿನವರಾ? ಶನಿವಾರ ಬೆಳಿಗ್ಗೆ ಲೋಡ್ ಇಳಿಸೋ ಕೆಲಸ ಅವರದ್ದು. ಆರು ವರ್ಷ ಅವರ ಬದಲು ನಾನೇ ಇಳಿಸಿದೆ. ನನ್ನ ಫ್ರೆಂಡ್ಸು ಮೂವತ್ತನಾಲ್ಕು ಜನ ಕಾಯ್ತಿರ್ತಾರೆ, ಹೋಗಲೇಬೇಕು ಅನ್ನೋರು. ಪುಣ್ಯವಂತರು. ನನಗೆ ಮನೆಗೆ ಹೋದರೆ ಮೀನಿನ ತೊಟ್ಟಿ ಬಿಟ್ಟರೆ ಯಾರೂ ಇಲ್ಲ."

ಮಧ್ವೇಶ ಜೇಬಿಗೆ ಕೈ ಹಾಕಿದ. ದಾನವ್ವನ ಅವರೆಕಾಳು ಕೈಗೆ ಸಿಕ್ಕವು. "ಈಗ ಒಂದು ಜಾಗ ಖಾಲಿ ಇದೆ," ಎಂದ. "ಮುಂದಿನ ಶನಿವಾರ ನೀವು ಬನ್ನಿ."

ಸೇಲ್ಸ್‌ಮ್ಯಾನ್ ಒಂದು ಕ್ಷಣ ನಿಜಕ್ಕೂ ಯೋಚಿಸಿದ. ಆಮೇಲೆ ನಾಚಿದವನಂತೆ ತಲೆ ಕೆರೆದುಕೊಂಡ. "ಬೇಡ ಸಾರ್. ಅಷ್ಟು ಜನ ಇರೋ ಕಡೆ ನನಗೆ ಆಗಲ್ಲ."

"ಇಲ್ಲ, ನಿಜ ಹೇಳಬೇಕೂಂದ್ರೆ ಅಷ್ಟು ಜನ..." ಎಂದು ಮಧ್ವೇಶ ಶುರು ಮಾಡುವಷ್ಟರಲ್ಲಿ ಅವನ ಫೋನು ಜೀರುಂಡೆಯ ಹಾಗೆ ಗುಂಯ್‌ಗುಡತೊಡಗಿತು. ಬೆಳ್ಳಕ್ಕಿ ಬಳಗದಲ್ಲಿ ಫೋಟೋ ಬಂದಿತ್ತು. ಒಂದರ ಹಿಂದೆ ಒಂದು, ನಿಲ್ಲದೆ, ಎಲ್ಲರೂ ಎಲ್ಲರಿಗೂ ಅಭಿನಂದನೆ ಹೇಳುತ್ತಿದ್ದರು.

ಸೇಲ್ಸ್‌ಮ್ಯಾನ್ ಫೋನಿನ ಕಡೆ ನೋಡಿ ಮೆಚ್ಚುಗೆಯಿಂದ ನಕ್ಕ. "ನೋಡಿ, ಎಷ್ಟೊಂದು ಜನ," ಎಂದು ತನ್ನ ಕುರ್ಚಿಗೆ ಹಿಂತಿರುಗಿದ.